ಸೀಸಾ: ಹುಚ್ಚಿಯ ಪಾತ್ರಕ್ಕೆ ಸೇಡಿನ ಕತೆ ಬೇಕಿತ್ತಾ?

ಶಿರಸಿಮಳೆ:

ದುಬೈನ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ನನ್ನ ಕೆಲಸ. ಇಲ್ಲಿ ನರ್ಸ್‌ಗಳಲ್ಲಿ ಫಿಲಿಪೀನ್ಸ್‌ನವರೇ ಜಾಸ್ತಿ. ಅವರಲ್ಲಿ ಒಬ್ಬರನ್ನು ನಾನೂ ‘ಆತೆ’ ಎಂದೇ ಕರೆಯುತ್ತೇನೆ. ಅವರ ಭಾಷೆಯಲ್ಲಿ ಅಕ್ಕ ಅಂತ ಅರ್ಥ. ನಮ್ಮ ಅತ್ತೆಗೂ ಇದಕ್ಕೂ ಸಂಬಂಧ ಇಲ್ಲ, ಸದ್ಯ.

ಮೊನ್ನೆ ಚಹಾ ಕುಡಿಯುವಾಗ ಆತೆ ಒಂದು ಸಿನಿಮಾದ ಸುದ್ದಿ ತೆಗೆದರು. ಹೆಸರು ‘ಸೀಸಾ’. ನಿರ್ದೇಶಕ ಜುನ್ ರೋಬ್ಲೆಸ್ ಲಾನಾ. 2025ರ ನವೆಂಬರ್‌ನಲ್ಲಿ ಎಸ್ಟೋನಿಯಾದ ಟ್ಯಾಲಿನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಆಯಿತು. ಸೀಸಾ ಪಾತ್ರದಲ್ಲಿ ಹಿಲ್ಡಾ ಕೊರೊನೆಲ್. ಎಪ್ಪತ್ತರ ದಶಕದ ದೊಡ್ಡ ನಟಿ, ಆಮೇಲೆ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಹತ್ತಕ್ಕೂ ಹೆಚ್ಚು ವರ್ಷಗಳ ನಂತರ ತೆರೆಗೆ ಮರಳಿದ್ದಾರೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಫಿಲಿಪೀನ್ಸ್‌ನ ಲೇಖಕ ಹೊಸೆ ರಿಸಾಲ್ ಬರೆದ ‘ನೋಲಿ ಮೆ ತಾಂಗೆರೆ’ ಎಂಬ ಕಾದಂಬರಿ 1887ರಲ್ಲಿ ಬರ್ಲಿನ್‌ನಲ್ಲಿ ಅಚ್ಚಾಯಿತು. ಭಾಷೆ ಸ್ಪ್ಯಾನಿಷ್. ಹೆಸರು ಲ್ಯಾಟಿನ್ನದು, ‘ನನ್ನನ್ನು ಮುಟ್ಟಬೇಡ’ ಎಂದು ಅರ್ಥ. ಅದರಲ್ಲಿ ಸೀಸಾ ಒಂದು ಸಣ್ಣ ಪಾತ್ರ. ಊರಾಚೆ ಗುಡಿಸಲು. ಗಂಡ ಜೂಜುಕೋರ. ಇಬ್ಬರು ಗಂಡುಮಕ್ಕಳು, ಬಸೀಲಿಯೊಗೆ ಹತ್ತು ವರ್ಷ, ಕ್ರಿಸ್ಪಿನ್‌ಗೆ ಏಳು. ಇಬ್ಬರೂ ಚರ್ಚಿನಲ್ಲಿ ಗಂಟೆ ಹೊಡೆಯುವ ಹುಡುಗರು. ಚಿಕ್ಕವನು ಎರಡು ಚಿನ್ನದ ನಾಣ್ಯ ಕದ್ದ ಎಂದು ಆರೋಪ ಹೊರಿಸಿ ಹೊಡೆಯುತ್ತಾರೆ. ದೊಡ್ಡವನು ಗಂಟೆಯ ಹಗ್ಗ ಹಿಡಿದು ಇಳಿದು ತಪ್ಪಿಸಿಕೊಳ್ಳುತ್ತಾನೆ. ಚಿಕ್ಕವನು ಮತ್ತೆ ಕಾಣಿಸುವುದೇ ಇಲ್ಲ. ತಾಯಿಯನ್ನು ಸಿವಿಲ್ ಗಾರ್ಡ್ ಪೊಲೀಸರು ಬೀದಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ಅವಳಿಗೆ ತಲೆ ಕೆಡುತ್ತದೆ. ಮಕ್ಕಳ ಹೆಸರು ಕೂಗುತ್ತಾ ಅಲೆಯುತ್ತಾಳೆ. ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಕಾಡಿನಲ್ಲಿ ದೊಡ್ಡ ಮಗನ ಗುರುತು ಹಿಡಿದು ಅಲ್ಲೇ ಸಾಯುತ್ತಾಳೆ. ಇಷ್ಟೇ ಪಾತ್ರ.

ಹೊಸ ಸಿನಿಮಾದಲ್ಲಿ ಕಾಲವೇ ಬೇರೆ. ಸ್ಪೇನ್‌ನ ಆಳ್ವಿಕೆ ಹೋಗಿದೆ, ಅಮೆರಿಕದ್ದು ಬಂದಿದೆ. ಅಮೆರಿಕನ್ ಸೈನಿಕರ ಕಾವಲಿನ ಶಿಬಿರಕ್ಕೆ ಒಬ್ಬ ಹೆಂಗಸು ಬರುತ್ತಾಳೆ. ಎಲ್ಲರೂ ಹುಚ್ಚಿ ಎಂದುಕೊಳ್ಳುತ್ತಾರೆ. ಅವಳ ಒಳಗಿನ ಲೆಕ್ಕವೇ ಬೇರೆ ಇದೆ. ಅದಕ್ಕಿಂತ ಜಾಸ್ತಿ ಹೇಳಿದರೆ ಗುಟ್ಟು ಬಿಟ್ಟ ಹಾಗೆ.

ಆತೆಗೆ ಇದು ಬಹಳ ಖುಷಿ. ನನಗೆ ಮಾತ್ರ ಸ್ವಲ್ಪ ಕಸಿವಿಸಿ. ಅಳುವವಳನ್ನೆಲ್ಲ ಎಬ್ಬಿಸಿ ಕೈಗೆ ಕತ್ತಿ ಕೊಡಲೇಬೇಕಾ? ನೀವೇನಂತೀರಿ?

ಬಾಡೂಟಪ್ರಿಯ:

ಶೀರ್ಷಿಕೆ ನೋಡಿ ಯಾವುದೋ ಸೀಸೆ ಬಗ್ಗೆ ಮಾತು ಅಂತ ಒಳಗೆ ಬಂದೆ. ಎಣ್ಣೆ ಅಂಗಡಿ ಅಲ್ವಾ ಇದು? ಇರಲಿ. ಸಿನಿಮಾ ಯಾರೂ ನೋಡಿಲ್ಲ, ಜಗಳ ಶುರು ಮಾಡೋಣ.

ದಾವಾವ್‌ಡಾಕ್ಟರ್:

ನಾನು ಎಂಬಿಬಿಎಸ್ ಓದಲು ಫಿಲಿಪೀನ್ಸ್‌ನ ದಾವಾವ್ ನಗರಕ್ಕೆ ಹೋದವನು. ನಮ್ಮ ಕಡೆಯ ಹುಡುಗರು ಅಲ್ಲಿ ಬೇಕಾದಷ್ಟು ಇದ್ದಾರೆ. ಅದಕ್ಕೇ ಒಂದೆರಡು ಮಾತು.

ಸೀಸಾ ಅಲ್ಲಿ ಕಾದಂಬರಿಯ ಪಾತ್ರವಾಗಿ ಉಳಿದಿಲ್ಲ. ಬೈಗುಳವಾಗಿದೆ. ತಲೆ ಬಾಚದೆ ಹೊರಗೆ ಬಂದರೆ ‘ಏನೇ, ಸೀಸಾ ಥರ ಆಗಿದ್ದೀಯ’ ಎನ್ನುತ್ತಾರೆ. ದಾವಾವ್‌ನಲ್ಲಿ ಮಾತು ಬಿಸಾಯಾ. ಹುಚ್ಚು ಹಿಡಿದವರಿಗೆ ‘ಬುವಾಂಗ್’ ಎನ್ನುತ್ತಾರೆ. ಮನಿಲಾ ಕಡೆ ‘ಬಲಿವ್’. ಆದರೆ ಹೆಂಗಸಾದರೆ ಸೀಸಾ ಎಂಬ ಹೆಸರು ಎರಡೂ ಕಡೆ ನಡೆಯುತ್ತದೆ. ನಮ್ಮ ಹಾಸ್ಟೆಲ್ ಹತ್ತಿರದ ಮಾರ್ಕೆಟ್‌ನಲ್ಲಿ ಒಬ್ಬ ಅಜ್ಜಿ ತನ್ನಷ್ಟಕ್ಕೆ ಮಾತಾಡುತ್ತಾ ಓಡಾಡುತ್ತಿದ್ದಳು. ಜೀಪ್ನಿ ಡ್ರೈವರ್‌ಗಳು ಅವಳನ್ನು ಸೀಸಾ ಎಂದೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಏನು ಅಂತ ನಾನೂ ಒಂದು ದಿನ ಕೇಳಲಿಲ್ಲ. ಈಗ ನೆನೆದರೆ ನಾಚಿಕೆ ಆಗುತ್ತದೆ.

ಇನ್ನೊಂದು ವಿಷಯ. 1956ರಲ್ಲಿ ಅಲ್ಲಿ ಒಂದು ಕಾಯ್ದೆ ಬಂತು. ರಿಸಾಲ್‌ನ ಕಾದಂಬರಿಗಳನ್ನು ಓದಿಸಲೇಬೇಕು ಅಂತ. ಚರ್ಚ್ ಜೋರಾಗಿ ವಿರೋಧಿಸಿತ್ತು. ಈಗ ಒಂಬತ್ತನೇ ತರಗತಿಯಲ್ಲಿ ‘ನೋಲಿ’, ಹತ್ತರಲ್ಲಿ ಅದರ ಮುಂದುವರಿಕೆ ‘ಎಲ್ ಫಿಲಿಬುಸ್ತೆರಿಸ್ಮೊ’. ಹಾಗಾಗಿ ಪ್ರತಿ ಶಾಲೆಯಲ್ಲೂ ನಾಟಕ. ಪ್ರತಿ ನಾಟಕದಲ್ಲೂ ಕೂದಲು ಕೆದರಿಕೊಂಡು ‘ಕ್ರಿಸ್ಪಿನ್! ಬಸೀಲಿಯೊ!’ ಎಂದು ಕೂಗುವ ಒಬ್ಬ ಹುಡುಗಿ. ನೋಡುವವರು ನಗುತ್ತಾರೆ. ಇದು ತಮಾಷೆಯ ದೃಶ್ಯ ಆಗಿಹೋಗಿದೆ.

ಹೀಗಿರುವಾಗ ಒಬ್ಬ ನಿರ್ದೇಶಕ ‘ಇವಳು ಹುಚ್ಚಿ ಅಲ್ಲ, ನೀವು ಹಾಗೆ ಅಂದುಕೊಂಡಿರಿ ಅಷ್ಟೇ’ ಎಂದರೆ ಅಲ್ಲಿನವರಿಗೆ ಅದು ಕೆನ್ನೆಗೆ ಹೊಡೆದಂತೆ ಇರುತ್ತದೆ. ನಮಗೆ ಅದು ಅರ್ಥ ಆಗಲು ಸ್ವಲ್ಪ ಕಷ್ಟ.

ಪಾತ್ರಧಾರಿ:

ಡಾಕ್ಟ್ರೇ, ಒಪ್ಪಿದೆ. ಆದರೂ ನನ್ನ ತಕರಾರು ಇದೆ.

ಸಣ್ಣ ಪಾತ್ರವನ್ನು ಎತ್ತಿಕೊಂಡು ಮತ್ತೆ ಬರೆಯುವುದು ನಮಗೆ ಹೊಸದಲ್ಲ. ಕುವೆಂಪು ‘ಶ್ರೀರಾಮಾಯಣ ದರ್ಶನಂ’ನಲ್ಲಿ ಮಂಥರೆಗೆ ಏನು ಮಾಡಿದರು ನೆನೆಯಿರಿ. ಅವಳನ್ನು ‘ಮಮತೆಯ ಸುಳಿ’ ಎಂದು ಕರೆದರು. ಅವಳು ಮಾಡಿದ ಕೆಲಸವನ್ನು ಬದಲಿಸಲಿಲ್ಲ. ವರ ಕೇಳಿಸಿದ್ದು ಅವಳೇ. ಆದರೆ ಯಾಕೆ ಎನ್ನುವುದನ್ನು ಒಳಗಿನಿಂದ ತೋರಿಸಿದರು. ಪಾತ್ರ ದೊಡ್ಡದಾಯಿತು, ಬೇರೆ ಆಗಲಿಲ್ಲ.

ಸೀಸಾ ವಿಷಯದಲ್ಲಿ ಆಗುತ್ತಿರುವುದು ಬೇರೆ. ಕಾದಂಬರಿಯಲ್ಲಿ ಅವಳಿಗೆ ಎದುರು ನಿಲ್ಲುವ ಶಕ್ತಿ ಇರಲಿಲ್ಲ. ಅದೇ ಅವಳ ಕತೆ. ಗಂಡ ಅವಳಿಗೆ ದೇವರು, ಮಕ್ಕಳು ದೇವತೆಗಳು. ಅಂಥವಳು ಮುರಿದಳು. ಮುರಿದವರ ಕತೆ ಹೇಳಲು ಯಾರಿಗೂ ಇಷ್ಟ ಇಲ್ಲ ಈಗ. ಎಲ್ಲರಿಗೂ ತಿರುಗಿಬೀಳುವವಳೇ ಬೇಕು.

ಸುಮ್ನೆ ಹೇಳುತ್ತಿಲ್ಲ. ಮೂಲದಲ್ಲಿ ಒಂದು ಅಧ್ಯಾಯ ಇದೆ. ನನಗೆ ಇಡೀ ಕಾದಂಬರಿಯಲ್ಲಿ ಅದೇ ಹೆಚ್ಚು ಇಷ್ಟ. ಪೊಲೀಸ್ ಅಧಿಕಾರಿಯ ಹೆಂಡತಿ ದೋನ್ಯಾ ಕೊನ್ಸೊಲಾಸಿಯೊನ್. ಹುಟ್ಟಾ ಅಲ್ಲಿಯವಳೇ, ಆದರೆ ಸ್ಪೇನ್‌ನ ದೊರೆಸಾನಿಯಂತೆ ನಟಿಸುತ್ತಾಳೆ. ತನಗೆ ಊರಿನ ತಗಾಲೊಗ್ ಭಾಷೆ ಬರುವುದೇ ಇಲ್ಲ ಎನ್ನುತ್ತಾಳೆ. ಅಂಥವಳು ಹುಚ್ಚಿ ಸೀಸಾಳನ್ನು ಎದುರಿಗೆ ನಿಲ್ಲಿಸಿ ಹಾಡು ಎನ್ನುತ್ತಾಳೆ. ಸೀಸಾ ಹಾಡುತ್ತಾಳೆ. ಕೇಳುತ್ತಾ ಕೇಳುತ್ತಾ ಈ ಹೆಂಗಸಿಗೆ ತಡೆಯಲು ಆಗುವುದಿಲ್ಲ. ‘ಸಾಕು, ಹಾಡಬೇಡ, ನೋವಾಗುತ್ತದೆ’ ಎನ್ನುತ್ತಾಳೆ. ಯಾವ ಭಾಷೆಯಲ್ಲಿ? ತಗಾಲೊಗ್‌ನಲ್ಲಿ! ಪಕ್ಕದಲ್ಲಿದ್ದ ಪೇದೆ ಕಣ್ಣರಳಿಸುತ್ತಾನೆ. ಗುಟ್ಟು ಬಯಲಾದ ಸಿಟ್ಟಿಗೆ ಅವಳು ಚಾಟಿ ತೆಗೆದುಕೊಂಡು ಸೀಸಾಗೆ ಹೊಡೆಯುತ್ತಾಳೆ, ಕುಣಿಸುತ್ತಾಳೆ.

ಒಂದು ಹಾಡಿಗೆ ಮುಖವಾಡ ಬಿದ್ದುಹೋಯಿತು. ಇದಕ್ಕಿಂತ ದೊಡ್ಡ ಸೇಡು ಬೇಕಾ? ಹುಚ್ಚು ನಟಿಸಿ ಸಂಚು ಮಾಡುವವಳಿಗಿಂತ, ನಿಜವಾಗಿ ಹುಚ್ಚಾಗಿ ಹಾಡಿದವಳೇ ನನಗೆ ದೊಡ್ಡವಳು.

ಹಳೇರೀಲು:

ಪಾತ್ರಧಾರಿ ಅವರೇ, ತಕರಾರು ಚೆನ್ನಾಗಿದೆ. ಆದರೆ ಸೀಸಾಳನ್ನು ಬದಲಿಸಿದ್ದು ಇದೇ ಮೊದಲಲ್ಲ. ಸ್ವಲ್ಪ ಹಳೇ ಪುರಾಣ ಬಿಚ್ಚುತ್ತೇನೆ.

1951ರಲ್ಲಿ ಗೆರಾರ್ದೊ ದೆ ಲೆಯೊನ್ ‘ಸೀಸಾ’ ಎಂಬ ಸಿನಿಮಾ ಮಾಡಿದರು. ಈ ಮನುಷ್ಯ ಓದಿದ್ದು ಡಾಕ್ಟರ್ ಆಗಿ. ಹುಡುಗನಾಗಿದ್ದಾಗ ಮೂಕಿ ಚಿತ್ರಗಳಿಗೆ ಥಿಯೇಟರ್‌ನಲ್ಲಿ ಪಿಯಾನೊ ನುಡಿಸುತ್ತಿದ್ದರು. ಸೀಸಾ ಆಗಿದ್ದವರು ಅನಿತಾ ಲಿಂಡಾ. ಅವರಿಗೆ ಆ ವರ್ಷದ ‘ಮರಿಯಾ ಕ್ಲಾರಾ’ ಪ್ರಶಸ್ತಿ ಬಂತು. ಇದರಲ್ಲಿ ಒಂದು ತಮಾಷೆ ಇದೆ. ಮರಿಯಾ ಕ್ಲಾರಾ ಅದೇ ಕಾದಂಬರಿಯ ನಾಯಕಿ. ಮಹಡಿ ಮನೆಯ ಸುಂದರಿ. ಅವಳ ಹೆಸರಿನ ಬಹುಮಾನವನ್ನು ಗುಡಿಸಲಿನ ಸೀಸಾ ಹೊಡೆದುಕೊಂಡು ಹೋದಳು! ಹತ್ತು ವರ್ಷದ ನಂತರ, 1961ರಲ್ಲಿ, ಅದೇ ನಿರ್ದೇಶಕರು ಇಡೀ ‘ನೋಲಿ’ಯನ್ನೇ ಸಿನಿಮಾ ಮಾಡಿದರು. ಅಂದರೆ ಅವರು ಮೊದಲು ಎತ್ತಿಕೊಂಡಿದ್ದು ನಾಯಕನನ್ನಲ್ಲ, ಹುಚ್ಚಿಯನ್ನು.

ಆಮೇಲೆ 1999. ಮಾರಿಯೊ ಒ’ಹಾರಾ ಅವರ ‘ಸೀಸಾ’. ಇದು ‘ಪಿತೊ-ಪಿತೊ’ ಸಿನಿಮಾ. ಪಿತೊ ಎಂದರೆ ಏಳು. ಏಳು ದಿನ ತಯಾರಿ, ಏಳು ದಿನ ಶೂಟಿಂಗ್, ಏಳು ದಿನದಲ್ಲಿ ಉಳಿದ ಕೆಲಸ, ಹೀಗೆ ಆಗ ಒಂದು ಕಂಪನಿ ಅಗ್ಗದ ಸಿನಿಮಾ ಮಾಡಿಸುತ್ತಿತ್ತು. ಅಲ್ಲಿ ಏಳು ಎಲೆ ಹಾಕಿ ಕುದಿಸುವ ಒಂದು ಕಷಾಯಕ್ಕೂ ಇದೇ ಹೆಸರು. ಆ ಅವಸರದಲ್ಲೇ ಒ’ಹಾರಾ ಒಂದು ವಿಚಿತ್ರ ಕಲ್ಪನೆ ಮಾಡಿದರು. ಸೀಸಾ ರಿಸಾಲ್‌ನ ನಿಜವಾದ ಪ್ರೇಯಸಿ ಆಗಿದ್ದಳು ಎಂದು. ಬರೆದವನನ್ನೇ ಪಾತ್ರದ ಕತೆಯೊಳಗೆ ಎಳೆದು ತಂದರು. ತಿರುಗಿ ಬರೆಯುವುದು ಎಂದರೆ ಅದು!

ಈಗ ಕೊಂಡಿ ನೋಡಿ. ಇದೇ ಒ’ಹಾರಾ 1974ರಲ್ಲಿ ಲಿನೊ ಬ್ರೊಕಾ ಅವರ ‘ತಿನಿಂಬಾಂಗ್ ಕಾ ಙುನಿತ್ ಕುಲಾಂಗ್’ ಚಿತ್ರದ ಬರವಣಿಗೆಯಲ್ಲಿ ಇದ್ದರು. ಅದರಲ್ಲಿ ಕುಷ್ಠರೋಗಿಯಾಗಿ ನಟಿಸಿದ್ದೂ ಅವರೇ. ಆ ಚಿತ್ರದಲ್ಲಿ ಕುವಾಲಾ ಎಂಬ ಹುಚ್ಚಿ ಇದ್ದಾಳೆ. ಗರ್ಭ ತೆಗೆಸಿದ ಮೇಲೆ ತಲೆ ಕೆಟ್ಟವಳು. ಊರಿನವರೆಲ್ಲ ಅವಳನ್ನು ನೋಡಿ ನಗುತ್ತಾರೆ. ಗರ್ಭ ತೆಗೆಸಿದವನು ಊರಿನ ದೊಡ್ಡ ಮನುಷ್ಯ. ಹೇಳಿ, ಇದು ಸೀಸಾ ಅಲ್ಲದೆ ಮತ್ತೆ ಯಾರು? 1976ರಲ್ಲಿ ಬ್ರೊಕಾ ಅವರ ‘ಇನ್ಸಿಯಾಂಗ್’ ಬಂತು. ಅದರ ಚಿತ್ರಕತೆಯಲ್ಲೂ ಒ’ಹಾರಾ ಇದ್ದರು. ನಾಯಕಿ ಹಿಲ್ಡಾ ಕೊರೊನೆಲ್! ಕೊಳೆಗೇರಿಯ ಹುಡುಗಿ, ತಾಯಿಯ ಪ್ರಿಯಕರನೇ ಅವಳನ್ನು ಕೆಡಿಸುತ್ತಾನೆ, ಅವಳು ತಣ್ಣಗೆ ಲೆಕ್ಕ ಹಾಕಿ ಸೇಡು ತೀರಿಸಿಕೊಳ್ಳುತ್ತಾಳೆ. 1978ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದ ಸಿನಿಮಾ ಅದು.

ಹಾಗಾಗಿ ಕೊರೊನೆಲ್ ಮುಖ ತೆರೆಯ ಮೇಲೆ ಬಂದ ಕೂಡಲೇ ಅಲ್ಲಿನ ಹಳೇ ಪ್ರೇಕ್ಷಕರಿಗೆ ಅನುಮಾನ ಶುರು. ಇವಳು ಸುಮ್ಮನೆ ಅಳುವವಳಲ್ಲ ಎಂದು. ನಟಿಯನ್ನು ಆರಿಸಿದಾಗಲೇ ಅರ್ಧ ಕತೆ ಹೇಳಿಯಾಯಿತು.

ಬಾಡೂಟಪ್ರಿಯ:

ಹಳೇರೀಲು ಸರ್, ನೀವು ಉಸಿರು ತಗೊಳ್ತೀರಾ ಮಧ್ಯೆ?

ಒಂದು ನಿಜವಾದ ಪ್ರಶ್ನೆ. ಕಾದಂಬರಿಯಲ್ಲಿ ಸೀಸಾ ಸತ್ತಳು ಅಂದಿರಿ. ಅದೂ ಸ್ಪೇನ್‌ನವರು ಇದ್ದಾಗ. ಮತ್ತೆ ಅಮೆರಿಕದವರ ಕಾಲಕ್ಕೆ ಹೇಗೆ ಎದ್ದು ಬಂದಳು? ಸೀರಿಯಲ್ ಥರ ಮುಖ ಬದಲಾಯಿಸಿಕೊಂಡಳಾ?

ಇತಿಹಾಸಮೇಷ್ಟ್ರು:

ಒಳ್ಳೆಯ ಪ್ರಶ್ನೆ. ಡಾಕ್ಟರ್ ಹೇಳಿದ್ದರಲ್ಲೇ ಉತ್ತರ ಇದೆ. ಸೀಸಾ ಎನ್ನುವುದು ಆಗಲೇ ಒಂದು ಹಣೆಪಟ್ಟಿ. ಹುಚ್ಚಿಯಂತೆ ಕಂಡವಳಿಗೆಲ್ಲ ಅಂಟಿಸಬಹುದು.

ಆದರೆ ಆ ಕಾಲವನ್ನು ಆರಿಸಿಕೊಂಡದ್ದು ಸರಿ ಎಂದು ನನಗೆ ಅನಿಸುತ್ತದೆ. ಯಾಕೆಂದರೆ ಆ ಶಿಬಿರಗಳು ನಿಜವಾಗಿ ಇದ್ದವು. 1898ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ಒಪ್ಪಂದ ಆಯಿತು. ಸ್ಪೇನ್ 2 ಕೋಟಿ ಡಾಲರ್ ತೆಗೆದುಕೊಂಡು ಇಡೀ ದೇಶವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ದೇಶದವರನ್ನು ಯಾರೂ ಕೇಳಲಿಲ್ಲ. 1899ರ ಫೆಬ್ರವರಿ 4ಕ್ಕೆ ಯುದ್ಧ ಶುರು. 1902ರ ಜುಲೈ 4ಕ್ಕೆ ಮುಗಿಯಿತು ಎಂದು ಅಮೆರಿಕದ ಅಧ್ಯಕ್ಷರು ಸಾರಿದರು. ಗುಂಡಿಗೆ, ಹಸಿವಿಗೆ, ಕಾಲರಾಕ್ಕೆ ಸಿಕ್ಕಿ 2 ಲಕ್ಷದಷ್ಟು ಸಾಮಾನ್ಯ ಜನ ಸತ್ತರು ಎಂಬ ಅಂದಾಜಿದೆ.

1901ರ ಡಿಸೆಂಬರ್‌ನಲ್ಲಿ ಜನರಲ್ ಫ್ರಾಂಕ್ಲಿನ್ ಬೆಲ್ ಒಂದು ಆಜ್ಞೆ ಹೊರಡಿಸಿದ. ಬತಂಗಾಸ್, ಲಗುನಾ ಪ್ರಾಂತ್ಯದ ಹಳ್ಳಿಯವರೆಲ್ಲ ಗುರುತು ಮಾಡಿದ ಜಾಗದೊಳಗೆ ಬಂದು ಇರಬೇಕು. ದವಸ, ದನ ಎಲ್ಲ ತರಬೇಕು. ಹೊರಗೆ ಉಳಿದದ್ದು ಶತ್ರುವಿನದು ಎಂದು ಲೆಕ್ಕ. ಗಡುವು ಯಾವ ದಿನ ಗೊತ್ತಾ? ಡಿಸೆಂಬರ್ 25. ಕಾದಂಬರಿಯ ಸೀಸಾ ಸತ್ತದ್ದು ಅದರ ಹಿಂದಿನ ರಾತ್ರಿ. ಲಗುನಾ ಎಂದರೆ ರಿಸಾಲ್ ಹುಟ್ಟಿದ ಪ್ರಾಂತ್ಯ. ಇಷ್ಟು ಹತ್ತಿರ ಬಂದು ಕೂತಿವೆ ಇವೆರಡೂ.

ಈ ಉಪಾಯ ಅಮೆರಿಕದವರು ಕಂಡುಹಿಡಿದದ್ದಲ್ಲ. ಕ್ಯೂಬಾದಲ್ಲಿ 1896ರಿಂದ ಸ್ಪೇನ್‌ನ ಜನರಲ್ ವೈಲರ್ ಮಾಡಿದ್ದು ಇದನ್ನೇ. ಅವನನ್ನು ‘ಕಟುಕ’ ಎಂದು ಅಮೆರಿಕದ ಪತ್ರಿಕೆಗಳು ಬಾಯಿಗೆ ಬಂದಂತೆ ಬೈದವು. ಐದಾರು ವರ್ಷ ಕಳೆಯುವುದರೊಳಗೆ ಅದೇ ಪಾಠ ಇವರೂ ಕಲಿತರು. ಇನ್ನೂ ಒಂದು ಮಾತು. ಇದೇ ವೈಲರ್ 1888ರಿಂದ 1891ರವರೆಗೆ ಫಿಲಿಪೀನ್ಸ್‌ನ ಗವರ್ನರ್ ಜನರಲ್ ಆಗಿದ್ದ. ರಿಸಾಲ್‌ನ ಊರು ಕಲಂಬಾದಲ್ಲಿ ಪಾದ್ರಿಗಳ ಜಮೀನಿನ ಗೇಣಿದಾರರು ತಿರುಗಿಬಿದ್ದಾಗ ಸೈನ್ಯ ಕಳಿಸಿ ಮನೆಗಳಿಂದ ಹೊರಗೆ ಹಾಕಿಸಿದ್ದು ಅವನೇ. ರಿಸಾಲ್‌ನ ಮನೆಯವರೂ ಬೀದಿಗೆ ಬಿದ್ದರು.

ಅಮೆರಿಕದವರು 1901ರಲ್ಲೇ ಸ್ವಾತಂತ್ರ್ಯದ ಮಾತು ಆಡುವುದೇ ಅಪರಾಧ ಎಂಬ ಕಾನೂನು ತಂದರು. ಜನ ನಾಟಕಕ್ಕೆ ಮೊರೆಹೋದರು. 1903ರಲ್ಲಿ ಔರೆಲಿಯೊ ತೊಲೆಂತಿನೊ ಬರೆದ ನಾಟಕದಲ್ಲಿ ‘ಇನಾಂಗ್‌ಬಾಯನ್’, ಅಂದರೆ ದೇಶವೆಂಬ ತಾಯಿಯೇ ಒಂದು ಪಾತ್ರ. ಬರೆದವನನ್ನು ಹಿಡಿದು ಒಳಗೆ ಹಾಕಿದರು. ಮಕ್ಕಳನ್ನು ಕಳೆದುಕೊಂಡ ತಾಯಿ ರಂಗದ ಮೇಲೆ ಅತ್ತರೆ ಅದು ರಾಜದ್ರೋಹ. ಆ ಕಾಲದಲ್ಲಿ ತಲೆ ಸರಿಯಿದ್ದು ಮಾತಾಡುವವರಿಗೆ ಜೈಲು. ಹುಚ್ಚಿ ಮಾತಾಡಿದರೆ ಯಾರು ಕೇಳುತ್ತಾರೆ? ಹುಚ್ಚು ಒಂದು ಕಂಬಳಿ ಇದ್ದ ಹಾಗೆ, ಹೊದ್ದುಕೊಂಡರೆ ಎಲ್ಲಿ ಬೇಕಾದರೂ ಓಡಾಡಬಹುದು.

ಹಾಗಾಗಿ ಪಾತ್ರಧಾರಿ ಅವರೇ, ಆ ಹೆಂಗಸಿಗೆ ಒಂದು ಲೆಕ್ಕ ಇದೆ ಎಂದರೆ ನನಗೆ ಅದು ಈ ಕಾಲದ ಫ್ಯಾಷನ್ ಅನಿಸುವುದಿಲ್ಲ.

ಪಾತ್ರಧಾರಿ:

ಮೇಷ್ಟ್ರೇ, ಇತಿಹಾಸದಲ್ಲಿ ನಿಮ್ಮನ್ನು ಗೆಲ್ಲಲು ಆಗಲ್ಲ. ನನ್ನ ಪ್ರಶ್ನೆ ಕತೆಯದು. ನಾಳೆ ಎಲ್ಲರೂ ‘ಸೀಸಾ ನಿಜಕ್ಕೂ ಹುಚ್ಚಿ ಆಗಿರಲಿಲ್ಲ’ ಎಂದು ಶುರು ಮಾಡುತ್ತಾರೆ. ಆಗಿದ್ದಳು ಸ್ವಾಮಿ! ಮಾರ್ಕೆಟ್‌ನಲ್ಲಿ ಡಾಕ್ಟರ್ ನೋಡಿದ ಅಜ್ಜಿ ಯಾವ ಸಂಚೂ ಮಾಡುತ್ತಿರಲಿಲ್ಲ. ಅವಳಿಗೆ ಗೌರವ ಸಿಗಬೇಕಾದರೆ ಒಳಗೊಳಗೆ ಜಾಣೆ ಆಗಿರಲೇಬೇಕಾ?

ದಾವಾವ್‌ಡಾಕ್ಟರ್:

ಈ ಮಾತು ಚುಚ್ಚಿತು. ನನ್ನ ಹತ್ತಿರ ಉತ್ತರ ಇಲ್ಲ.

ಮೊಗ್ಗು:

ಇಷ್ಟು ದಿನ ಇಲ್ಲಿ ಸುಮ್ಮನೆ ಓದುತ್ತಿದ್ದವಳು. ಮಗು ಮಲಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಜಗಳ ಓದಿ ‘ನೋಲಿ’ಯ ಇಂಗ್ಲಿಷ್ ಅನುವಾದ ತೆಗೆದು ಸೀಸಾ ಇರುವ ಅಧ್ಯಾಯ ಮಾತ್ರ ಓದಿದೆ. ಎಲ್ಲರೂ ಅವಳು ಕೂಗಿದ್ದನ್ನು ಹೇಳಿದಿರಿ, ಹಾಡಿದ್ದನ್ನು ಹೇಳಿದಿರಿ, ಸತ್ತದ್ದನ್ನು ಹೇಳಿದಿರಿ. ಅವಳು ಅಡುಗೆ ಮಾಡಿದ್ದನ್ನು ಯಾರೂ ಹೇಳಲಿಲ್ಲ.

ಅಂದು ರಾತ್ರಿ ಮಕ್ಕಳು ಮನೆಗೆ ಬರುತ್ತಾರೆ ಎಂದು ಅವಳು ತಯಾರಿ ಮಾಡುತ್ತಾಳೆ. ಕ್ರಿಸ್ಪಿನ್‌ಗೆ ಟೊಮೇಟೊ, ಸಣ್ಣ ಮೀನು ಇಷ್ಟ. ತೋಟದಿಂದ ಕೆಂಪಗಿನ ಟೊಮೇಟೊ ಕಿತ್ತು ತರುತ್ತಾಳೆ. ಬಸೀಲಿಯೊಗೆ ಕಾಡುಹಂದಿಯ ಒಣಮಾಂಸ ಇಷ್ಟ. ಅದನ್ನು ಊರಿನ ಮುದುಕ ತಾಸಿಯೊ ಹತ್ತಿರ ಬೇಡಿ ತರುತ್ತಾಳೆ, ಜೊತೆಗೆ ಒಂದು ಕಾಡುಬಾತಿನ ಕಾಲು. ಕಣದಲ್ಲಿ ತಾನೇ ಆಯ್ದು ತಂದ ಬೆಳ್ಳಗಿನ ಅಕ್ಕಿಯಿಂದ ಅನ್ನ ಮಾಡುತ್ತಾಳೆ. ಅಷ್ಟರಲ್ಲಿ ಗಂಡ ಬಂದ. ಎಲ್ಲ ತಿಂದ. ಹೋದ.

ಅವಳು ಅತ್ತಳು. ಆಮೇಲೆ ಎದ್ದು ಮತ್ತೆ ಅನ್ನಕ್ಕೆ ಇಟ್ಟಳು. ಉಳಿದಿದ್ದ ಒಣಮೀನು ಸುಟ್ಟಳು. ಕಾಯುತ್ತಾ ಕೂತಳು.

ನನಗೆ ಅಲ್ಲಿಗೇ ಸಾಕಾಯಿತು. ಮುಂದೆ ಓದಲು ಒಂದು ದಿನ ಬೇಕಾಯಿತು.

ಇನ್ನೊಂದು ಕಡೆ, ಅದೇ ಹೊತ್ತಿಗೆ, ಗಂಟೆಗೋಪುರದಲ್ಲಿ ಆ ಇಬ್ಬರು ಹುಡುಗರು ಮಾತಾಡುತ್ತಿರುತ್ತಾರೆ. ಕ್ರಿಸ್ಪಿನ್ ಮೇಲೆ ಆ ಎರಡು ಚಿನ್ನದ ನಾಣ್ಯ, ಅಂದರೆ 32 ಪೆಸೊ, ಕದ್ದ ಆರೋಪ. ಅವರಿಬ್ಬರ ಸಂಬಳ ತಿಂಗಳಿಗೆ 2 ಪೆಸೊ. ಏಳು ವರ್ಷದ ಹುಡುಗನಿಗೆ 32 ಎಂದರೆ ಎಷ್ಟು ಎಂದೇ ಗೊತ್ತಿಲ್ಲ. ಬೆರಳು ಮಡಿಸಿ ಎಣಿಸುತ್ತಾನೆ. ಆರು ಕೈ, ಎರಡು ಬೆರಳು. ಆಮೇಲೆ ಹೇಳುತ್ತಾನೆ, ನಿಜವಾಗಿ ಕದ್ದಿದ್ದರೇ ಚೆನ್ನಾಗಿತ್ತು ಎಂದು. ತಾನು ಸತ್ತರೂ ಅಮ್ಮನ ಹತ್ತಿರ ದುಡ್ಡು ಇರುತ್ತಿತ್ತಲ್ಲ ಎಂದು.

ಅವಳಿಗೆ ಸೇಡು ಕೊಡಿ, ಕೊಡದೆ ಇರಿ. ಹೊಸ ಸಿನಿಮಾದಲ್ಲಿ ಅವಳು ಬರುವಾಗಲೇ ಹುಚ್ಚಿಯ ವೇಷದಲ್ಲಿ ಬರುತ್ತಾಳೆ ಎಂದು ನೀವು ಹೇಳಿದಿರಿ. ಶಾಲೆಯ ನಾಟಕದಲ್ಲೂ ಹಾಗೇ. ನನಗೆ ಅದೇ ತಾಪತ್ರಯ. ಒಲೆಯ ಮುಂದೆ ಕೂತು ಯಾರಿಗೆ ಯಾವುದು ಇಷ್ಟ ಎಂದು ಲೆಕ್ಕ ಹಾಕುತ್ತಿದ್ದವಳು ಎಲ್ಲಿ ಹೋದಳು?

ಬಾಡೂಟಪ್ರಿಯ:

ನನ್ನ ಹೆಸರು ಬದಲಾಯಿಸಿಕೊಳ್ಳೋಣ ಅನಿಸ್ತಿದೆ. ಆ ಗಂಡನ ಹೆಸರೇನು?

ಮೊಗ್ಗು:

ಪೇದ್ರೊ. ಕೋಳಿ ಅಂಕಕ್ಕೆ ದುಡ್ಡು ಹಾಕುವವನು. ನಾನು ಓದಿದ ಅಧ್ಯಾಯಗಳಲ್ಲಿ ಅವನಿಗೆ ಏನೂ ಆಗುವುದಿಲ್ಲ.

ಹಳೇರೀಲು:

ಮೊಗ್ಗು ಅವರೇ, ನೀವು ಹೇಳಿದ ಮೇಲೆ ನನಗೂ ಹೊಳೆಯಿತು. ಸಿನಿಮಾದವರಿಗೆ ಕೆದರಿದ ಕೂದಲು ಸುಲಭ. ಕಾಯುವುದನ್ನು ತೋರಿಸುವುದು ಕಷ್ಟ. ಆ ಕಷ್ಟಕ್ಕೆ ಕೈ ಹಾಕಿದವರು ನಿರ್ದೇಶಕ ಲಾವ್ ಡಿಯಾಸ್. 2016ರ ‘ಹೆಲೆ ಸಾ ಹಿವಾಗಾಂಗ್ ಹಾಪಿಸ್’, ಎಂಟು ಗಂಟೆಯ ಸಿನಿಮಾ, ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಗೆದ್ದಿತು. ಅದರಲ್ಲಿ ಸೀಸಾ ಇಲ್ಲ. ರಿಸಾಲ್‌ನ ಎರಡನೇ ಕಾದಂಬರಿಯ ಪಾತ್ರಗಳಿವೆ. ಜೊತೆಗೆ ನಿಜವಾದ ಹೆಂಗಸು ಗ್ರೆಗೋರಿಯಾ ದೆ ಹೆಸೂಸ್ ಇದ್ದಾಳೆ. ಕ್ರಾಂತಿಕಾರಿ ಆಂದ್ರೆಸ್ ಬೊನಿಫಾಸಿಯೊನ ಹೆಂಡತಿ. ಅವನನ್ನು 1897ರ ಮೇ 10ರಂದು ಅವನ ಕಡೆಯವರೇ ಬೆಟ್ಟಕ್ಕೆ ಕರೆದೊಯ್ದು ಕೊಂದರು. ಅವಳು ದಿನಗಟ್ಟಲೆ ಹೆಣ ಹುಡುಕಿದಳು. ಸಿಗಲೇ ಇಲ್ಲ. ಎಂಟು ಗಂಟೆಯಲ್ಲಿ ಬಹುಪಾಲು ಕಾಡಿನಲ್ಲಿ ನಡೆಯುವುದೇ. ನಾನು ಎರಡು ಸಲ ನಿದ್ದೆ ಮಾಡಿ ಎದ್ದೆ. ಎದ್ದಾಗಲೂ ಅವರು ಹುಡುಕುತ್ತಲೇ ಇದ್ದರು. ಅದು ಬೈಗುಳ ಅಲ್ಲ, ಹೊಗಳಿಕೆ.

ಇತಿಹಾಸಮೇಷ್ಟ್ರು:

ಹುಡುಕುವ ಮಾತು ಬಂತು. ಇದನ್ನು ಮೊದಲೇ ಹೇಳಬೇಕಿತ್ತು, ವೈಲರ್ ಮೇಲಿನ ಸಿಟ್ಟಿನಲ್ಲಿ ಮರೆತೆ.

ರಿಸಾಲ್ ಹತ್ತು ಹನ್ನೊಂದು ವರ್ಷದ ಹುಡುಗ ಆಗಿದ್ದಾಗ ಅವನ ತಾಯಿ ತೆಯೊದೊರಾಳನ್ನು ಹಿಡಿದುಕೊಂಡು ಹೋದರು. ಸೋದರನ ಹೆಂಡತಿಗೆ ವಿಷ ಹಾಕಲು ನೋಡಿದಳು ಎಂಬ ಸುಳ್ಳು ದೂರು. ಕಲಂಬಾದಿಂದ ಸಾಂತಾ ಕ್ರೂಸ್‌ವರೆಗೆ, ಸುಮಾರು 50 ಕಿಲೋಮೀಟರ್, ನಡೆಸಿಕೊಂಡು ಹೋದರು. ಎರಡೂವರೆ ವರ್ಷ ಜೈಲು. ಒಳ್ಳೆಯ ಮನೆತನದ, ಓದಿದ ಹೆಂಗಸು. ಹೀಗಾಗಿ ಸೀಸಾ ಇಬ್ಬರು ಪೊಲೀಸರ ನಡುವೆ ತಲೆ ತಗ್ಗಿಸಿ ನಡೆಯುವ ದೃಶ್ಯವನ್ನು ರಿಸಾಲ್ ಪುಸ್ತಕ ಓದಿ ಬರೆದದ್ದಲ್ಲ. ಬಸೀಲಿಯೊಗೂ ಹತ್ತು ವರ್ಷ, ನೋಡಿ.

ಇನ್ನು ಹೆಸರು. ರಿಸಾಲ್‌ಗೆ ನಾರ್ಸಿಸಾ ಎಂಬ ಅಕ್ಕ ಇದ್ದಳು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಸೀಸಾ ಎಂದೇ.

1896ರ ಡಿಸೆಂಬರ್ 30ರ ಬೆಳಿಗ್ಗೆ ರಿಸಾಲ್‌ನನ್ನು ಮನಿಲಾದ ಬಾಗುಂಬಾಯನ್ ಮೈದಾನದಲ್ಲಿ ಗುಂಡಿಟ್ಟು ಕೊಂದರು. ಆಗ ಅವನಿಗೆ 35 ವರ್ಷ. ಹೆಣವನ್ನು ಮನೆಯವರಿಗೆ ಕೊಡಲಿಲ್ಲ. ಎಲ್ಲಿ ಹೂತರು ಎಂದೂ ಹೇಳಲಿಲ್ಲ. ನಾರ್ಸಿಸಾ ಒಂದೊಂದೇ ಸ್ಮಶಾನ ಸುತ್ತಿದಳು. ಪಾಕೊ ಸ್ಮಶಾನದಲ್ಲಿ ಕಾವಲಿನವರು ನಿಂತಿದ್ದರು, ಮಣ್ಣು ಹೊಸದಾಗಿ ಅಗೆದಂತೆ ಇತ್ತು. ಇಲ್ಲೇ ಇರಬೇಕು ಎಂದುಕೊಂಡಳು. ಸ್ಮಶಾನ ನೋಡಿಕೊಳ್ಳುವವನ ಕೈಗೆ ಸ್ವಲ್ಪ ದುಡ್ಡು ಇಟ್ಟು ಒಂದು ಗುರುತಿನ ಕಲ್ಲು ಹಾಕಿಸಿದಳು. ತಮ್ಮನ ಹೆಸರಿನ ಮೊದಲ ಅಕ್ಷರಗಳನ್ನು ತಿರುಗುಮುರುಗು ಮಾಡಿ, ಆರ್‌ಪಿಜೆ ಎಂದು. ಬೇರೆಯವರಿಗೆ ಗೊತ್ತಾಗಬಾರದು, ತನಗೆ ಗೊತ್ತಿರಬೇಕು. 1898ರ ಆಗಸ್ಟ್‌ನಲ್ಲಿ, ಸ್ಪೇನ್‌ನವರ ಕೈಯಿಂದ ಮನಿಲಾ ಜಾರಿದ ಮೇಲೆ, ಅಲ್ಲೇ ಅಗೆದು ಮೂಳೆ ತೆಗೆದರು. ಶವಪೆಟ್ಟಿಗೆಯೂ ಇರಲಿಲ್ಲ.

ಕಾದಂಬರಿಯ ಸೀಸಾಗೆ ಕ್ರಿಸ್ಪಿನ್‌ನ ಹೆಣ ಸಿಗಲಿಲ್ಲ. ಮನೆಯ ಸೀಸಾ ಹುಡುಕಿದಳು. ತಲೆ ಕೆಡಿಸಿಕೊಳ್ಳದೆ, ಸೇಡು ಅಂತಲೂ ಹೋಗದೆ. ಪಾತ್ರಧಾರಿ ಅವರೇ, ನಿಮ್ಮ ಹುಚ್ಚಿ ಒಂದು ಕಡೆ, ಸಿನಿಮಾದ ಸಂಚುಗಾರ್ತಿ ಇನ್ನೊಂದು ಕಡೆ. ನಡುವೆ ಈ ಅಕ್ಕನೂ ಒಬ್ಬಳು ಇರಲಿ.

ಪಾತ್ರಧಾರಿ:

ಆರ್‌ಪಿಜೆ. ಎರಡು ಸಲ ಓದಿದೆ ಇದನ್ನ.

ಸರಿ, ಅರ್ಧ ಸೋತೆ. ಅಕ್ಷರ ತಿರುಗಿಸಿ ಕಲ್ಲು ನೆಟ್ಟವಳು ಇದ್ದ ನೆಲದಲ್ಲಿ ಹುಚ್ಚಿನ ವೇಷ ಹಾಕಿ ಲೆಕ್ಕ ತೀರಿಸುವವಳು ಹುಟ್ಟಿದರೆ ಅದು ಪೂರ್ತಿ ಹೊರಗಿನಿಂದ ತಂದದ್ದಲ್ಲ. ಸಿನಿಮಾ ಸಿಕ್ಕರೆ ನೋಡುತ್ತೇನೆ. ಉಳಿದ ಅರ್ಧ ಸೋಲಲ್ಲ. ಆ ಹಾಡಿನ ಅಧ್ಯಾಯ ಬಿಟ್ಟುಕೊಡಲು ಆಗಲ್ಲ ನನಗೆ.

ಶಿರಸಿಮಳೆ:

ನಾನು ಒಂದು ಸಾಲಿನ ಪ್ರಶ್ನೆ ಕೇಳಿ ಡ್ಯೂಟಿಗೆ ಹೋದವಳು. ಬಂದು ನೋಡಿದರೆ ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್.

ಇವತ್ತು ನೈಟ್ ಶಿಫ್ಟ್‌ನಲ್ಲಿ ಆತೆಗೆ ಇದನ್ನೆಲ್ಲ ಹೇಳಿದೆ. ವೈಲರ್ ಹೆಸರು ಕೇಳಿ ತಲೆ ಆಡಿಸಿದರು. ಆರ್‌ಪಿಜೆ ಅವರಿಗೆ ಗೊತ್ತಿತ್ತು, ಕಾಲೇಜಿನಲ್ಲಿ ಓದಿದ್ದರಂತೆ. ಆಮೇಲೆ ಇನ್ನೊಂದು ಮಾತು ಹೊರಬಿತ್ತು. ಒಂಬತ್ತನೇ ತರಗತಿಯಲ್ಲಿ ಸೀಸಾ ಪಾತ್ರ ಮಾಡಿದ್ದು ಅವರೇ! ತರಗತಿಯಲ್ಲಿ ಎಲ್ಲರಿಗಿಂತ ಉದ್ದ ಕೂದಲು ಇತ್ತು, ಅದಕ್ಕೆ ಟೀಚರ್ ಆರಿಸಿದರು ಎಂದರು. ಕೂದಲಿಗೆ ಹಿಟ್ಟು, ಮುಖಕ್ಕೆ ಮಸಿ. ಕೂಗಿದ ಕೂಡಲೇ ಇಡೀ ಹಾಲ್ ನಕ್ಕಿತು. ನೋಡಲು ಬಂದಿದ್ದ ಅವರ ಅಮ್ಮ ಕೂಡ ನಕ್ಕರಂತೆ. ಹೇಳುವಾಗ ಇವರೂ ನಗುತ್ತಿದ್ದರು.

ಮೊಗ್ಗು ಹೇಳಿದ್ದು ನೆನಪಾಗಿ ಕೇಳಿದೆ. ‘ಆತೆ, ಅಂದು ರಾತ್ರಿ ಸೀಸಾ ಮಕ್ಕಳಿಗೆ ಏನು ಅಡುಗೆ ಮಾಡಿದ್ದಳು, ನೆನಪಿದೆಯಾ?’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅಡುಗೆ ಮಾಡಿದ್ದಳಾ? ಅದು ನಮಗೆ ಪರೀಕ್ಷೆಗೆ ಬಂದಿರಲಿಲ್ಲ.’

ನಾನು ಹೇಳಿದೆ. ಟೊಮೇಟೊ, ಸಣ್ಣ ಮೀನು, ಕಾಡುಹಂದಿಯ ಒಣಮಾಂಸ, ಬಾತಿನ ಕಾಲು. ಎಲ್ಲ ಗಂಡ ತಿಂದ ಮೇಲೆ ಮತ್ತೆ ಅನ್ನ, ಒಣಮೀನು. ಆತೆ ನರ್ಸಿಂಗ್ ಚಾರ್ಟ್‌ನಲ್ಲಿ ಏನೋ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು.

‘ಆ ಟೊಮೇಟೊದಲ್ಲಿ ಒಂದೆರಡಾದರೂ ಉಳಿದಿತ್ತಾ?’ ಎಂದು ಕೇಳಿದರು. ‘ಒಣಮೀನಿಗೆ ಟೊಮೇಟೊ ಇದ್ದರೆ ಸಾಕು. ಮಕ್ಕಳು ಬೇರೆ ಏನೂ ಕೇಳುವುದಿಲ್ಲ.’